ಮೂವತ್ತೇಳರಲ್ಲಿ 51 ಕೆ.ಜಿ.: ಒಣಗದೆ ಪಟ್ಟ ಉಳಿಸಿಕೊಂಡ ನನ್ನ ಅನುಭವ

"ಒಣಗದೆ 51ಕ್ಕೆ ಇಳಿಯೋಕೆ ಆಗಲ್ಲ, ಅದೂ ಈ ವಯಸ್ಸಿನಲ್ಲಿ." ನಾನು ಬಾಕ್ಸರ್. 51 ಕೆ.ಜಿ. ಅಂದರೆ ಫ್ಲೈವೇಟ್, ನನ್ನ ತೂಕದ ವರ್ಗ. ಒಣಗುವುದು ಅಂದರೆ ನೀರು ಬಿಟ್ಟು, ಬೆವರು ಹರಿಸಿ ತೂಕ ಇಳಿಸುವುದು. ಎರಡು ವರ್ಷ ಇದೇ ಮಾತು ಕೇಳಿದೆ. ಕೋಚ್ ಸರ್ ಹೇಳಿದರು. ಡಿಪಾರ್ಟ್‌ಮೆಂಟ್ ತಂಡದ ಹುಡುಗರು ಹೇಳಿದರು. ಬೇರೆ ಜಿಲ್ಲೆಯ ಕೋಚ್‌ಗಳು ನನ್ನ ಮುಂದೆ ಮೆಲ್ಲಗೆ, ಬೆನ್ನ ಹಿಂದೆ ಜೋರಾಗಿ ಹೇಳಿದರು. ಕೊನೆಗೆ ಇಳಿದೆ. ಆಡಿದ ಪ್ರತಿ ದಿನ ಬೆಳಗ್ಗೆ ತೂಕ ಕೊಟ್ಟೆ, ಸಂಜೆ ಗೆದ್ದೆ, ರಾಜ್ಯದ ಫ್ಲೈವೇಟ್ ಪಟ್ಟ ಉಳಿಸಿಕೊಂಡೆ. ಆಗ ನನಗೆ ಮೂವತ್ತೇಳು ದಾಟಿತ್ತು. ಫೈನಲ್‌ನಲ್ಲಿ ಎದುರು ನಿಂತ ಹುಡುಗನಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ.

ಈಗ ಅದೇ ಜನ ಫೋನ್ ಮಾಡಿ "ಹೇಗೆ ಮಾಡಿದೆ?" ಅಂತ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣ ಅನಿಸಿತು. ರಿಂಗ್ ಹತ್ತಿದವರಿಗಾಗಿ ಬರೆದದ್ದು ಇದು. ಜ್ಯಾಬ್ ಯಾವುದು, ಪ್ಯಾಡ್ ಹಿಡಿಯೋದು ಹೇಗೆ ಅಂತ ಇದರಲ್ಲಿ ಇಲ್ಲ. ಲೆಕ್ಕವೆಲ್ಲ ನೆನಪಿನಿಂದ ಬರೆಯುತ್ತಿದ್ದೇನೆ, ಅಲ್ಪಸ್ವಲ್ಪ ಹೆಚ್ಚುಕಮ್ಮಿ ಇರಬಹುದು.

ಮೊದಲು ಆ ಒಂದು ಕೆ.ಜಿ. ವಿಷಯ. 2010ರಿಂದ ಹತ್ತು ವರ್ಷಕ್ಕೂ ಜಾಸ್ತಿ ನಮ್ಮ ಫ್ಲೈವೇಟ್ 52 ಇತ್ತು. ಟೋಕಿಯೋ ಒಲಿಂಪಿಕ್ಸ್ ಕೂಡ 52ರಲ್ಲೇ ಆಯಿತು. ಆಮೇಲೆ ಮತ್ತೆ 51 ಮಾಡಿದರು. ಹೊರಗಿನವರಿಗೆ ಒಂದು ಕೆ.ಜಿ. ಏನೂ ಅಲ್ಲ. 2019ರಲ್ಲಿ 52ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಬೆಳ್ಳಿ ಗೆದ್ದ ಅಮಿತ್ ಪಂಘಾಲ್ 2022ರ ಕಾಮನ್‌ವೆಲ್ತ್‌ನಲ್ಲಿ 51ರಲ್ಲಿ ಚಿನ್ನ ಗೆದ್ದರು. "ನೋಡು, ಅವರು ಇಳಿಯಲಿಲ್ವಾ?" ಅಂತ ನನಗೆ ಹೇಳಿದವರಿಗೆ ಲೆಕ್ಕವಿಲ್ಲ. ಆದರೆ ಪಂಘಾಲ್ 49ರಿಂದ ಮೇಲೆ ಬಂದವರು. 2018ರ ಏಷ್ಯನ್ ಗೇಮ್ಸ್ ಚಿನ್ನ ಅವರಿಗೆ ಬಂದದ್ದು 49ರಲ್ಲಿ. 51ರಲ್ಲಿ ಗೆದ್ದಾಗ ವಯಸ್ಸೂ ಇಪ್ಪತ್ತಾರು. ನಾನು 57ರಿಂದ ಕೆಳಗೆ ಬರಬೇಕಾದವನು. ಮೂವತ್ತೈದು ದಾಟಿದ ದೇಹದಲ್ಲಿ 52ಕ್ಕೆ ಇಳಿದ ಮೇಲೆ ಉಳಿಯುವ ಆ ಕೊನೆಯ ಒಂದು ಕೆ.ಜಿ. ಕೊಬ್ಬಿನಿಂದ ಬರಲ್ಲ. ಕಾಲಿನ ಶಕ್ತಿಯಿಂದ ಬರುತ್ತದೆ.

ಸಣ್ಣ ತೂಕದವರಿಗೆ ವಯಸ್ಸು ಬೇಗ ಆಗುತ್ತದೆ, ಇದು ಎಲ್ಲರಿಗೂ ಗೊತ್ತಿರುವ ಮಾತು. ಹೆವಿವೇಟ್‌ನಲ್ಲಿ ಜಾರ್ಜ್ ಫೋರ್‌ಮನ್ 1994ರಲ್ಲಿ 45ನೇ ವಯಸ್ಸಿಗೆ ವಿಶ್ವ ಪಟ್ಟ ಗೆದ್ದರು. ನಮ್ಮ ತೂಕದಲ್ಲಿ ಅಂಥ ಕತೆ ಸಿಗಲ್ಲ. ವಿಶ್ವ ಫ್ಲೈವೇಟ್ ಚಾಂಪಿಯನ್ ಆಗಿದ್ದ ಜಿಮ್ಮಿ ವೈಲ್ಡ್ 1923ರಲ್ಲಿ ನ್ಯೂಯಾರ್ಕ್‌ನಲ್ಲಿ ಪಾಂಚೋ ವಿಲಾ ಕೈಯಲ್ಲಿ ಏಳನೇ ರೌಂಡ್‌ನಲ್ಲಿ ಬಿದ್ದಾಗ 31. ಅರ್ಜೆಂಟೀನಾದ ಪಾಸ್ಕುವಲ್ ಪೆರೆಸ್ ಐದು ವರ್ಷಕ್ಕೂ ಜಾಸ್ತಿ ಇಟ್ಟುಕೊಂಡಿದ್ದ ಪಟ್ಟವನ್ನು 1960ರಲ್ಲಿ ಬ್ಯಾಂಕಾಕ್‌ನಲ್ಲಿ ಪೋನ್ ಕಿಂಗ್‌ಪೆಚ್‌ಗೆ ಬಿಟ್ಟುಕೊಟ್ಟಾಗ ವಯಸ್ಸು 34ರ ಆಸುಪಾಸು. ನನಗೆ ಧೈರ್ಯ ಕೊಟ್ಟವರು ಥಾಯ್ಲೆಂಡ್‌ನ ಪಾಂಗ್‌ಸಕ್ಲೆಕ್. 2001ರಿಂದ 2007ರವರೆಗೆ 17 ಸಲ ವಿಶ್ವ ಪಟ್ಟ ಉಳಿಸಿಕೊಂಡರು, ಡೈಸುಕೆ ನೈಟೋಗೆ ಸೋತರು, 2010ರಲ್ಲಿ ಟೋಕಿಯೋಗೆ ಹೋಗಿ ಕೋಕಿ ಕಮೆಡಾನನ್ನು ಸೋಲಿಸಿ ವಾಪಸ್ ತಂದರು. ಆಗ ಅವರಿಗೆ 32. ಆದರೆ ಅವರೆಲ್ಲ ಪ್ರೊಫೆಷನಲ್. ಹಿಂದಿನ ದಿನ ತೂಕ ಕೊಟ್ಟು, ರಾತ್ರಿಯಿಡೀ ತಿಂದು ಕುಡಿದು, ಮರುದಿನ ರಿಂಗ್ ಹತ್ತಬಹುದು. ನಮಗೆ ಆ ಸೌಕರ್ಯ ಇಲ್ಲ. ಆಡುವ ಪ್ರತಿ ದಿನ ಬೆಳಗ್ಗೆ ತೂಕ ಕೊಡಬೇಕು. ತೂಕ ಮುಗಿದ ಮೇಲೆ ಮೊದಲ ಬೌಟ್‌ಗೆ ಸಿಗುವುದು ಕಡಿಮೆ ಅಂದರೆ ಮೂರು ಗಂಟೆ. ಐದು ದಿನದ ಟೂರ್ನಿಯಲ್ಲಿ ಒಮ್ಮೆ ಒಣಗಿ ತೂಕ ಕೊಟ್ಟರೆ ಕೆಲಸ ಮುಗಿಯಲ್ಲ. ಒಣಗಿಕೊಂಡೇ ಐದು ದಿನ ಬದುಕಬೇಕು.

ಹಾಗೆ ಬದುಕಿ ನೋಡಿದ್ದೇನೆ. 51 ಆದ ಮೊದಲ ವರ್ಷ ನಮ್ಮೆಲ್ಲರ ಹಳೇ ದಾರಿಯಲ್ಲೇ ಹೋದೆ. ಬೇಸಿಗೆ. ಲಾಡ್ಜ್‌ನ ಬಾತ್‌ರೂಮ್‌ನಲ್ಲಿ ಬಕೆಟ್ ತುಂಬ ಬಿಸಿನೀರು, ಬಾಗಿಲು ಹಾಕಿ, ಪ್ಲಾಸ್ಟಿಕ್ ಸೂಟ್ ಮೇಲೆ ಸ್ವೆಟರ್ ಹಾಕಿಕೊಂಡು ನಿಂತಲ್ಲೇ ಸ್ಕಿಪ್ಪಿಂಗ್. ತೋಳಿನ ತುದಿಯ ರಬ್ಬರ್ ಬಿಚ್ಚಿದರೆ ಬೆವರು ಲೋಟದಿಂದ ಸುರಿದ ಹಾಗೆ ಬೀಳುತ್ತಿತ್ತು. ಆಮೇಲೆ ಬೆವರೂ ನಿಂತುಹೋಗುತ್ತಿತ್ತು. ಚ್ಯೂಯಿಂಗ್ ಗಮ್ ಜಗಿದು ಬಾಟಲಿಗೆ ಉಗಿಯುತ್ತಾ ಕೂರುತ್ತಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಮಾತು ಹೊರಡುತ್ತಿರಲಿಲ್ಲ. ಮೊದಲ ದಿನ ಗೆದ್ದೆ. ಎರಡನೇ ಬೌಟ್ ಕಷ್ಟಪಟ್ಟು ಗೆದ್ದೆ. ಫೈನಲ್‌ನ ಎರಡನೇ ರೌಂಡ್‌ನಲ್ಲಿ ಎಡ ಮೀನಖಂಡ ಹಿಡಿದುಕೊಂಡಿತು. ಮೂರನೇ ರೌಂಡ್ ಪೂರ್ತಿ ಹಗ್ಗಕ್ಕೆ ಬೆನ್ನು ಕೊಟ್ಟು ಕಳೆದೆ. ಐದು ಜಡ್ಜ್ಗಳಲ್ಲಿ ಮೂವರು ನನ್ನ ಕಡೆ, 3-2ರಲ್ಲಿ ಪಟ್ಟ ಉಳಿಯಿತು. ಕೋಚ್ ಸರ್ "ಗೆದ್ದೆಯಲ್ಲಯ್ಯ, ಇನ್ನೇನು ಬೇಕು?" ಅಂದರು. ನನಗೆ ಆ ಗೆಲುವು ಹಿಡಿಸಲಿಲ್ಲ. ಆ ರಾತ್ರಿ ಮೂತ್ರ ಚಹಾ ಬಣ್ಣಕ್ಕೆ ಬಂದಿತ್ತು. ಊರಿಗೆ ಬಂದು ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರ್ ಕಿಡ್ನಿಯ ರಿಪೋರ್ಟ್ ನೋಡಿ ಕೇಳಿದ್ದು ಒಂದೇ: "ಎಷ್ಟು ವರ್ಷದಿಂದ ಹೀಗೆ ಮಾಡ್ತಾ ಇದ್ದೀರಿ?" ಇನ್ನೂ ಒಂದು ವಿಷಯ ಅವರೇ ತಿಳಿಸಿದರು. ನೀರಿಲ್ಲದ ದೇಹದಲ್ಲಿ ತಲೆಗೆ ಏಟು ಬಿದ್ದರೆ ಅಪಾಯ ಜಾಸ್ತಿ. 2013ರಿಂದ ನಮಗೆ ಹೆಡ್‌ಗಾರ್ಡ್ ಕೂಡ ಇಲ್ಲ.

ಹಾಗಾಗಿ ಬೇರೆ ದಾರಿ ಹುಡುಕಿದೆ. ಹಣ ಹೋದದ್ದು ಇಲ್ಲಿಯೇ.

ಮೊದಲು ಕೀಟೋ. ಮುದ್ದೆ, ಅನ್ನ, ಚಪಾತಿ ಎಲ್ಲ ಬಂದ್. ಪನೀರ್, ಮೊಟ್ಟೆ, ಕೋಳಿ, ಬಾದಾಮಿ. ತಿಂಗಳಿಗೆ ಎಂಟು-ಒಂಬತ್ತು ಸಾವಿರ ನನ್ನೊಬ್ಬನ ಊಟಕ್ಕೇ ಹೋಯಿತು. ತೂಕ ಬೇಗ ಇಳಿಯಿತು, ಮೊದಲ ಹತ್ತು ದಿನದಲ್ಲೇ ಎರಡು ಎರಡೂವರೆ ಕೆ.ಜಿ. ಎಲ್ಲರಿಗೂ ಖುಷಿ. ಆದರೆ ಅದರಲ್ಲಿ ಜಾಸ್ತಿ ಪಾಲು ನೀರು. ಸ್ನಾಯುವಿನಲ್ಲಿ ಕೂಡಿಟ್ಟ ಸಕ್ಕರೆಯ ಒಂದು ಗ್ರಾಂ ಜತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ. ಸಕ್ಕರೆ ಖಾಲಿಯಾದರೆ ನೀರೂ ಹೋಗುತ್ತದೆ, ಜತೆಗೆ ದಮ್ಮೂ ಹೋಗುತ್ತದೆ. ಪ್ಯಾಡ್ ಮೇಲೆ ಮೊದಲ ಎರಡು ನಿಮಿಷ ಚೆನ್ನಾಗಿ ಹೊಡೆಯುತ್ತಿದ್ದೆ, ಆಮೇಲೆ ಕೈ ಎತ್ತುವುದೇ ಭಾರ. ಆ ಸಲ ಡಿಪಾರ್ಟ್‌ಮೆಂಟ್ ಟೂರ್ನಿಯಲ್ಲಿ ಕ್ವಾರ್ಟರ್ ಫೈನಲ್‌ಗೇ ಹೊರಗೆ ಬಂದೆ. ನಮ್ಮಂಥ ಒಂಬತ್ತು ನಿಮಿಷದ ಆಟಕ್ಕೆ ಕೀಟೋ ಆಗಲ್ಲ. ಬೇರೆಯವರು ಏನೇ ಹೇಳಲಿ, ನನ್ನ ತೀರ್ಮಾನ ಇದು.

ಆಮೇಲೆ ಬೆಂಗಳೂರಿನ ಒಬ್ಬರ ಹತ್ತಿರ ಮೂರು ತಿಂಗಳ ಡಯಟ್ ಪ್ಲಾನ್ ತೆಗೆದುಕೊಂಡೆ. ಹದಿನೈದು ಸಾವಿರದ ಹತ್ತಿರ. ಚಾರ್ಟ್ ಬಂತು. ಓಟ್ಸ್, ಬ್ರೊಕೊಲಿ, ಚಿಯಾ ಬೀಜ, ಒಂದು ಡಬ್ಬಿ ಪೌಡರ್. ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಎಪ್ಪತ್ತು ಕೆ.ಜಿ.ಯವರಿಗೆ ಬರೆದ ಚಾರ್ಟ್ ಅದು. ದಿನಕ್ಕೆ ಎರಡು ಹೊತ್ತು ಟ್ರೇನಿಂಗ್ ಮಾಡುವ 55 ಕೆ.ಜಿ.ಯವನಿಗೆ ಅಲ್ಲ. ಪ್ರತಿ ಬೆಳಗ್ಗೆ ತೂಕ ಕೊಡಬೇಕು ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ತಿಂಗಳಿಗೆ ಬಿಟ್ಟೆ. ದುಡ್ಡು ವಾಪಸ್ ಬರಲಿಲ್ಲ.

ಮೇಲಿನ ತೂಕಕ್ಕೆ ಹೋಗಿ ನೋಡು ಅಂದರು. 54ರಲ್ಲಿ ಒಂದು ಓಪನ್ ಟೂರ್ನಿ ಆಡಿದೆ. ಊಟ ಚೆನ್ನಾಗಿತ್ತು, ನಿದ್ದೆ ಚೆನ್ನಾಗಿತ್ತು, ಬಾಕ್ಸಿಂಗ್ ಚೆನ್ನಾಗಿರಲಿಲ್ಲ. ನಾನು ಐದು ಅಡಿ ಮೂರು ಇಂಚು. ಅಲ್ಲಿನ ಹುಡುಗರು ಐದೂವರೆ ಅಡಿ ಮೇಲೆ. ನಾನು ಒಳಗೆ ಹೋಗುವಷ್ಟರಲ್ಲಿ ಎರಡು ಜ್ಯಾಬ್ (ಮುಂದಿನ ಕೈಯ ನೇರ ಏಟು) ಮುಖದ ಮೇಲೆ. ಒಂದು ಸ್ಟ್ಯಾಂಡಿಂಗ್ ಕೌಂಟ್ (ಏಟು ತಿಂದವನನ್ನು ನಿಲ್ಲಿಸಿ ರೆಫರಿ ಎಣಿಸುವುದು) ತಿಂದು ಸೋತೆ. ಬಲ ಭುಜವೂ ಹಿಡಿದುಕೊಂಡಿತು. ಎಂಆರ್‌ಐಗೆ ಏಳು ಸಾವಿರ ಚಿಲ್ಲರೆ, ಫಿಸಿಯೋಗೆ ಒಂದು ಸಲಕ್ಕೆ ಆರುನೂರು ಏಳುನೂರು, ಅದು ತಿಂಗಳುಗಟ್ಟಲೆ ನಡೆಯಿತು. ಆ ವರ್ಷ ಒಟ್ಟು ಲಕ್ಷದ ಹತ್ತಿರ ಕೈಯಿಂದ ಹೋಯಿತು ಅಂತ ನೆನಪು. ರಾಜ್ಯ ಪಟ್ಟಕ್ಕೆ ಸಿಗುವುದು ಮೆಡಲ್, ಸರ್ಟಿಫಿಕೇಟ್. ಡಿಪಾರ್ಟ್‌ಮೆಂಟ್ ತಂಡದಲ್ಲಿ ಜಾಗ ಇದ್ದರೆ ಟ್ರೇನಿಂಗ್‌ಗೆ ಬೆಳಗ್ಗೆ ಸ್ವಲ್ಪ ಹೊತ್ತು ಬಿಡುವು. ಆ ಬಿಡುವು ಪಟ್ಟ ಇರುವವರೆಗೆ ಮಾತ್ರ. ಹೆಂಡತಿ ಒಂದು ದಿನ ಲೆಕ್ಕದ ಪುಸ್ತಕ ಮುಂದಿಟ್ಟು ಹೇಳಿದಳು: "ರೀ, ನಿಮಗೊಂದು ಅಡುಗೆ, ನಮಗೊಂದು ಅಡುಗೆ ಇನ್ನು ಆಗಲ್ಲ. ನಮ್ಮನೆ ಊಟದಲ್ಲೇ ಏನಾಗುತ್ತೋ ನೋಡಿ."

ಸರಿಯಾದ ದಾರಿ ಶುರುವಾದದ್ದು ಅಲ್ಲಿಂದ. ನನ್ನ ಪದ್ಧತಿ ಇಷ್ಟೇ: ಬೆಲ್ ಹೊಡೆಯುವ ಮೊದಲು ದೇಹದಿಂದ ಏನೂ ಖರ್ಚಾಗಬಾರದು. ತೂಕ, ಟ್ರೇನಿಂಗ್, ಸ್ಪಾರಿಂಗ್ (ಅಭ್ಯಾಸದ ಬೌಟ್) ಎಲ್ಲವನ್ನೂ ಅದಕ್ಕೆ ಹೊಂದಿಸಿದೆ.

ಮೊದಲನೆಯದು, ವರ್ಷಪೂರ್ತಿ 53ರ ಆಸುಪಾಸಿನಲ್ಲೇ ಇದ್ದೆ. ಟೂರ್ನಿ ಮುಗಿದ ಮೇಲೆ 57ಕ್ಕೆ ಏರಿ ಮತ್ತೆ ಇಳಿಯುವ ಆಟ ಬಿಟ್ಟೆ. 57ರಿಂದ 53ಕ್ಕೆ ಬರಲು ಐದಾರು ತಿಂಗಳು ತೆಗೆದುಕೊಂಡೆ. ವಾರಕ್ಕೆ ಇನ್ನೂರು ಗ್ರಾಂ ಇಳಿದರೆ ಸಾಕು, ಇಳಿಯದ ವಾರ ತಲೆಕೆಡಿಸಿಕೊಳ್ಳಲಿಲ್ಲ. ಬೆಳಗ್ಗೆ ಎದ್ದು ಬಾತ್‌ರೂಮ್‌ಗೆ ಹೋಗಿ ಬಂದು, ಬಟ್ಟೆಯಿಲ್ಲದೆ, ಅದೇ ಟೈಲ್ಸ್ ಮೇಲೆ ಅದೇ ಜಾಗದಲ್ಲಿ ತೂಕ. ಮಿಷನ್ ಹದಿನೈದು ನೂರು ರೂಪಾಯಿ ಒಳಗಿನದ್ದು. ಮ್ಯಾಟ್ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ, ನೆನಪಿರಲಿ. ಜಿಮ್‌ನಿಂದ ಇಪ್ಪತ್ತು ಕೆ.ಜಿ.ಯ ಎರಡು ಪ್ಲೇಟ್ ತಂದು ಇಟ್ಟು ನೋಡಿದೆ. ಇನ್ನೂರೈವತ್ತು ಗ್ರಾಂ ಕಡಿಮೆ ತೋರಿಸುತ್ತಿತ್ತು. ನಲವತ್ತು ಕೆ.ಜಿ.ಗೆ ಇನ್ನೂರೈವತ್ತು! 50.9 ಅಂತ ನಂಬಿ ಹೋಗಿದ್ದರೆ ಅಲ್ಲೇ ಔಟ್. ಪ್ಲೇಟ್‌ಗಳ ಮೇಲೂ ಪೂರ್ತಿ ನಂಬಿಕೆ ಬೇಡ, ಅವೂ ನೂರಿನ್ನೂರು ಗ್ರಾಂ ಆಚೀಚೆ ಇರುತ್ತವೆ. ಟೂರ್ನಿ ಜಾಗಕ್ಕೆ ಒಂದು ದಿನ ಮೊದಲೇ ಹೋಗಿ ಅಲ್ಲಿನ ಟ್ರಯಲ್ ಮಿಷನ್ ಮೇಲೆ ನಿಂತು, ನಿಮ್ಮ ಮಿಷನ್‌ಗೂ ಅದಕ್ಕೂ ಎಷ್ಟು ವ್ಯತ್ಯಾಸ ಅಂತ ಬರೆದಿಟ್ಟುಕೊಳ್ಳಿ.

ಊಟ ಮನೆಯದೇ. ಬೆಳಗ್ಗೆ ಟ್ರೇನಿಂಗ್ ಮುಗಿದ ಮೇಲೆ ರಾಗಿ ಅಂಬಲಿಗೆ ಮಜ್ಜಿಗೆ, ಜತೆಗೆ ಮೂರ್ನಾಲ್ಕು ಮೊಟ್ಟೆ. ಮಧ್ಯಾಹ್ನ ಒಂದು ಮುದ್ದೆ, ನಿಂಬೆಹಣ್ಣಿಗಿಂತ ದೊಡ್ಡದು, ಕಿತ್ತಳೆಗಿಂತ ಚಿಕ್ಕದು, ಅಳತೆ ಹೆಂಡತಿಯ ಕೈ. ಹುರುಳಿಕಾಳು ಬಸ್ಸಾರು ಅಥವಾ ಸೊಪ್ಪಿನ ಸಾರು, ಪಲ್ಯ ಜಾಸ್ತಿ. ವಾರಕ್ಕೆ ಎರಡು ಸಲ ಕೋಳಿ, ಎಣ್ಣೆ ಕಡಿಮೆ. ಸಂಜೆ ಟ್ರೇನಿಂಗ್ ಇದ್ದ ದಿನ ಅನ್ನ ತಪ್ಪದೆ, ಇಲ್ಲದ ದಿನ ಅನ್ನ ಇಲ್ಲ. ರಾತ್ರಿ ಊಟ ಏಳರ ಒಳಗೆ. ಯುಗಾದಿಗೆ ಒಬ್ಬಟ್ಟು ತಿಂದಿದ್ದೇನೆ, ದಸರಾ ಸಮಯದಲ್ಲಿ ನೆಂಟರ ಮನೆಯಲ್ಲಿ ಊಟ ಮಾಡಿದ್ದೇನೆ. 53.6ಕ್ಕೆ ಹೋಗುತ್ತಿತ್ತು, ನಾಲ್ಕೈದು ದಿನದಲ್ಲಿ ವಾಪಸ್ ಬರುತ್ತಿತ್ತು. ಖರ್ಚು? ಕೀಟೋಗೆ ಹೋಲಿಸಿದರೆ ಮೂರನೇ ಒಂದು ಪಾಲೂ ಇಲ್ಲ. ಆಗ ಮೊಟ್ಟೆ ಒಂದು ಟ್ರೇ ಇನ್ನೂರರ ಹತ್ತಿರ ಇತ್ತು, ಅದೊಂದೇ ನನ್ನ ಸ್ಪೆಷಲ್ ಖರ್ಚು.

ಟೂರ್ನಿಗೆ ಹತ್ತು ವಾರ ಇದ್ದಾಗ 53ರಿಂದ 51.8ಕ್ಕೆ ನಿಧಾನವಾಗಿ ಇಳಿದೆ. ಇಷ್ಟು ಯಾರಾದರೂ ಮಾಡಬಹುದು. ಉಳಿದ ಎಂಟುನೂರು ಗ್ರಾಂ ಎಲ್ಲಿಂದ? ಇಲ್ಲಿಯೇ ಎಲ್ಲರೂ ನನ್ನನ್ನು ನಂಬದೆ ಇದ್ದದ್ದು. ಕೊನೆಯ ಮೂರ್ನಾಲ್ಕು ದಿನ ರಾಗಿ ನಿಲ್ಲಿಸಿದೆ. ಸೊಪ್ಪು, ಕಾಳು, ಪಲ್ಯ, ಹಣ್ಣಿನ ಸಿಪ್ಪೆ ಎಲ್ಲ ನಿಲ್ಲಿಸಿದೆ. ಬಿಳಿ ಅನ್ನ, ಮೊಸರು, ಇಡ್ಲಿ, ಮೊಟ್ಟೆ, ಸ್ವಲ್ಪ ಜೇನು. ಕೋಚ್ ಸರ್‌ಗೆ ಸಿಟ್ಟೇ ಬಂತು. "ತೂಕ ಇಳಿಸೋ ಹೊತ್ತಲ್ಲಿ ಮುದ್ದೆ ಬಿಟ್ಟು ಅನ್ನ ತಿಂತೀಯಲ್ಲಯ್ಯ!" ಆದರೆ ನಾರು ಇರುವ ಊಟ ಹೊಟ್ಟೆಯಲ್ಲಿ ನೀರು ಹಿಡಿದುಕೊಂಡು ಎರಡು ಮೂರು ದಿನ ಕೂತಿರುತ್ತದೆ. ಅದು ನಮ್ಮ ಮಾಂಸವಲ್ಲ, ಶಕ್ತಿಯೂ ಅಲ್ಲ, ಬರೀ ಭಾರ. ನಾರು ನಿಲ್ಲಿಸಿದರೆ ಕರುಳು ಖಾಲಿಯಾಗುತ್ತದೆ, ಅನ್ನದ ಶಕ್ತಿ ಸ್ನಾಯುವಿನಲ್ಲಿ ಉಳಿಯುತ್ತದೆ. ನನಗೆ ಆರುನೂರು ಏಳುನೂರು ಗ್ರಾಂ ಹೀಗೇ ಇಳಿಯಿತು. ನೀರು ಕುಡಿಯುತ್ತಲೇ ಇದ್ದೆ. ಉಪ್ಸಾರು, ಉಪ್ಪಿನಕಾಯಿ, ಹಪ್ಪಳ ಆ ವಾರ ಮನೆಯಲ್ಲಿ ಯಾರಿಗೂ ಇರಲಿಲ್ಲ. ರಾತ್ರಿ ಮಲಗಿ ಎದ್ದರೆ ಉಸಿರಲ್ಲಿ, ಮೂತ್ರದಲ್ಲಿ ಇನ್ನೊಂದು ಐನೂರು ಗ್ರಾಂ ತಾನಾಗಿ ಹೋಗುತ್ತದೆ. ಹಾಗಾಗಿ 51.4ರಲ್ಲಿ ಮಲಗಲು ಭಯವಿಲ್ಲ. ಫೈನಲ್ ದಿನ ಬೆಳಗ್ಗೆ ಮಿಷನ್ ಮೇಲೆ 50.8 ಬಂತು. ಕೋಚ್ ಸರ್ ಆ ಮಿಷನ್ ಕಡೆ ನೋಡಿದರು, ನನ್ನ ಕಡೆ ನೋಡಿದರು, ಏನೂ ಹೇಳಲಿಲ್ಲ.

ತೂಕ ಕೊಟ್ಟ ಮೇಲಿನ ಮೂರು ಗಂಟೆಯಲ್ಲಿ ಏನು ತೆಗೆದುಕೊಳ್ಳುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಓಆರ್‌ಎಸ್, ಬಾಳೆಹಣ್ಣು, ಇಡ್ಲಿ ಎಲ್ಲರಿಗೂ ಗೊತ್ತು. ಅದರ ಜತೆ ಮನೆಯಿಂದ ಫ್ಲಾಸ್ಕ್‌ನಲ್ಲಿ ತರುವುದು ಒಂದಿದೆ. ಅದರಲ್ಲಿ ಏನೂ ಕಳ್ಳ ಔಷಧಿ ಇಲ್ಲ, ಅಡುಗೆಮನೆಯದ್ದೇ. ಆದರೆ ಇನ್ನೂ ಆಡುತ್ತಿದ್ದೇನೆ, ಅದನ್ನು ಇಲ್ಲಿ ಬರೆಯಲ್ಲ.

ಟ್ರೇನಿಂಗ್ ವಿಷಯ. ಇಪ್ಪತ್ತೈದರಲ್ಲಿ ದಿನಾ ಎಂಟು ಕಿಲೋಮೀಟರ್ ಓಡುತ್ತಿದ್ದೆ. ಈಗ ಆ ಓಟ ಬಿಟ್ಟಿದ್ದೇನೆ. ಅದರ ಬದಲು ವಾರಕ್ಕೆ ಎರಡು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು. ಬೆಳಗಿನ ಜಾವ, ಜನ ಬರುವ ಮೊದಲು. ಸಾವಿರಕ್ಕೂ ಮೇಲೆ ಮೆಟ್ಟಿಲು ಇವೆ. ಪೂರ್ತಿ ಓಡುವುದಿಲ್ಲ. ಒಂದು ತುಂಡು ಜೋರಾಗಿ ಹತ್ತುವುದು, ಉಸಿರು ಹದಕ್ಕೆ ಬರುವವರೆಗೆ ನಡೆಯುವುದು, ಮತ್ತೆ ಜೋರಾಗಿ. ನಂದಿಯ ಹತ್ತಿರ ಬರುವಷ್ಟರಲ್ಲಿ ಕೆಲಸ ಮುಗಿದಿರಬೇಕು, ಅಲ್ಲಿಂದ ಮೇಲೆ ಸುಮ್ನೆ ನಡಿಗೆ. ಮುಖ್ಯವಾದದ್ದು ಇದು: ಇಳಿಯುವಾಗ ಮೆಟ್ಟಿಲು ಇಳಿಯಬೇಡಿ. ಮಂಡಿ ಹೋಗುವುದು ಇಳಿಯುವಾಗಲೇ. ಮೇಲೆ ದೇವಸ್ಥಾನದ ಹತ್ತಿರ ಸಿಟಿ ಬಸ್ ಸಿಗುತ್ತದೆ, ಕೂತು ಕೆಳಗೆ ಬನ್ನಿ. ಹುಡುಗರು ನನ್ನನ್ನು ಬಸ್‌ನಲ್ಲಿ ನೋಡಿ ಆಡಿಕೊಂಡರು. ಅವರಲ್ಲಿ ಇಬ್ಬರು ಈಗ ಮಂಡಿಗೆ ಬೆಲ್ಟ್ ಕಟ್ಟಿಕೊಂಡು ಓಡಾಡುತ್ತಿದ್ದಾರೆ.

ನಡುವೆ ಒಂದು ಪ್ರಯೋಗ ಮಾಡಿದೆ, ಇದಕ್ಕೂ ಪಟ್ಟಕ್ಕೂ ನೇರ ಸಂಬಂಧ ಇಲ್ಲ, ಆದರೂ ಹೇಳಬೇಕು. ಭುಜದ ನೋವು ಫಿಸಿಯೋದಿಂದ ಮುಕ್ಕಾಲು ಪಾಲು ಹೋಗಿತ್ತು, ಪೂರ್ತಿ ಹೋಗಿರಲಿಲ್ಲ. ನಮ್ಮ ಮೈಸೂರಿನಲ್ಲಿ ಗರಡಿಗಳಿಗೆ ಏನು ಕಮ್ಮಿ? ಒಂದು ಹಳೇ ಗರಡಿಗೆ ಹೋಗಿ ಉಸ್ತಾದರನ್ನು ಕೇಳಿದೆ. ವಯಸ್ಸಾದವರು, ದಸರಾ ಕುಸ್ತಿ ಆಡಿದವರು. "ಭುಜಕ್ಕೆ ಗದೆ ತಿರುಗಿಸು, ಸೊಂಟಕ್ಕೆ ಮಟ್ಟಿ ಅಗಿ. ಬೇರೆ ಏನೂ ಬೇಡ ಮಗಾ" ಅಂದರು. ಸಣ್ಣ ಗದೆಯಿಂದ ಶುರು ಮಾಡಿ ಮೂರ್ನಾಲ್ಕು ತಿಂಗಳು ತಿರುಗಿಸಿದೆ. ತಲೆ ಹಿಂದಿನಿಂದ ಗದೆ ಬರುವಾಗ ಭುಜದ ಕೀಲು ತಾನಾಗಿ ಸಡಿಲವಾಗುತ್ತದೆ, ಬಲವಂತ ಮಾಡಬಾರದು. ನೋವು ಹೋಯಿತು. ಮಟ್ಟಿ ಅಗೆಯುವುದು ಇನ್ನೂ ಒಳ್ಳೆಯದು. ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿದ ಕೆಮ್ಮಣ್ಣು ಗಟ್ಟಿಯಾಗಿ ಕೂತಿರುತ್ತದೆ, ಗುದ್ದಲಿ ಹಾಕಿ ಎಳೆದರೆ ಬೆನ್ನು, ಸೊಂಟ, ಹಿಡಿತ ಎಲ್ಲ ಒಟ್ಟಿಗೆ ಕೆಲಸ ಮಾಡುತ್ತವೆ. ಪಕ್ಕೆಗೆ ಬೀಸುವ ನನ್ನ ಎಡಗೈ ಏಟು, ಬಾಡಿ ಹುಕ್‌ಗೆ ಹೊಸ ತೂಕ ಬಂದದ್ದು ಅಲ್ಲಿಂದಲೇ. ಆದರೆ ಅವರ ಜತೆ ಬಸ್ಕಿಯನ್ನೂ ಹೊಡೆದೆ, ನೂರು, ನೂರೈವತ್ತು. ತೊಡೆ ದಪ್ಪ ಆಗಿ ಒಂದು ಕೆ.ಜಿ.ಗೂ ಮೇಲೆ ತೂಕ ಏರಿತು. ಬಸ್ಕಿ ನಿಲ್ಲಿಸಿದೆ, ಗದೆ ಉಳಿಸಿಕೊಂಡೆ. ಫ್ಲೈವೇಟ್‌ನವರು ಗರಡಿಗೆ ಹೋದರೆ ಸೊಂಟದ ಮೇಲಿನದು ಮಾತ್ರ ತನ್ನಿ. ಗರಡಿಗೆ ಕೊಟ್ಟದ್ದು ಏನೂ ಇಲ್ಲ, ಹಬ್ಬಕ್ಕೆ ಉಸ್ತಾದರಿಗೆ ಒಂದು ಪಂಚೆ, ಶಲ್ಯ.

ಸ್ಪಾರಿಂಗ್ ಬಗ್ಗೆ ಜಗಳವೇ ಆಯಿತು. ಮೊದಲು ವಾರಕ್ಕೆ ಮೂರು ನಾಲ್ಕು ಸಲ ಮಾಡುತ್ತಿದ್ದೆವು. ಒಂದಕ್ಕೆ ಇಳಿಸಿದೆ. ಅದನ್ನೂ ಬೇರೆ ಥರ ಮಾಡಿದೆ. ಮೂರು ಹುಡುಗರು, ಒಬ್ಬೊಬ್ಬರ ಜತೆ ಒಂದೊಂದೇ ರೌಂಡ್, ನಡುವೆ ಆರೇಳು ನಿಮಿಷ ಪೂರ್ತಿ ವಿಶ್ರಾಂತಿ. ಪ್ರತಿ ರೌಂಡ್ ಕೂಡ ಮೊದಲ ರೌಂಡ್ ಅಂತಲೇ ಆಡುವುದು. ಹುಡುಗ ಹೊಸಬ, ಅವನ ಆಟ ಗೊತ್ತಿಲ್ಲ, ಮೂರು ನಿಮಿಷದಲ್ಲಿ ಓದಬೇಕು, ಗೆಲ್ಲಬೇಕು. "ಮೂರನೇ ರೌಂಡ್‌ಗೆ ದಮ್ಮು ಎಲ್ಲಿಂದ ತರ್ತೀಯ?" ಅಂತ ಕೋಚ್ ಸರ್ ಕೇಳಿದರು. ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ಉತ್ತರ: ಇಪ್ಪತ್ತೊಂದರ ಹುಡುಗನ ಜತೆ ಮೂರನೇ ರೌಂಡ್‌ನಲ್ಲಿ ದಮ್ಮಿನ ಪೈಪೋಟಿಗೆ ನಾನು ಹೋಗಲ್ಲ. ಐದು ಜನ ಜಡ್ಜ್‌ಗಳು, ರೌಂಡ್‌ಗೆ 10-9. ಮೂವರ ಹತ್ತಿರ ಮೊದಲ ಎರಡು ರೌಂಡ್ ಗೆದ್ದರೆ ಮೂರನೆಯದು ಸೋತರೂ 29-28. ಕೌಂಟ್ ತಿನ್ನದೆ, ವಾರ್ನಿಂಗ್ ತೆಗೆದುಕೊಳ್ಳದೆ ನಿಂತರೆ ಸಾಕು.

ಇದಕ್ಕೆ ಎಲ್ಲಕ್ಕಿಂತ ಒಳ್ಳೆಯ ಉದಾಹರಣೆ ಮೇರಿ ಕೋಮ್ ಅವರ ಟೋಕಿಯೋ ಬೌಟ್. 38ನೇ ವಯಸ್ಸಿನಲ್ಲಿ, ಫ್ಲೈವೇಟ್‌ನಲ್ಲೇ, ಕೊಲಂಬಿಯಾದ ಇಂಗ್ರಿತ್ ವಲೆನ್ಸಿಯಾ ಎದುರು. ಎರಡನೇ ರೌಂಡ್ 3-2ರಲ್ಲಿ ಗೆದ್ದರು, ಮೂರನೆಯದನ್ನೂ 3-2ರಲ್ಲಿ ಗೆದ್ದರು. ಆದರೂ ಬೌಟ್ ಸೋತರು. ಯಾಕೆಂದರೆ ಮೊದಲ ರೌಂಡ್ 4-1ರಲ್ಲಿ ಹೋಗಿತ್ತು. ಆ ವಯಸ್ಸಿನಲ್ಲಿ ಅಷ್ಟು ದಮ್ಮು ತೋರಿಸಿ ಕೊನೆಯ ಎರಡು ರೌಂಡ್ ಗೆದ್ದವರು ಸೋತದ್ದನ್ನು ನೋಡಿ ನನಗೂ ಕಣ್ಣು ತುಂಬಿ ಬಂತು. ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇನೋ. ಪ್ರತಿ ಸಲವೂ ಮೊದಲ ಒಂದೂವರೆ ನಿಮಿಷವನ್ನೇ ನೋಡುತ್ತೇನೆ. ನಮ್ಮ ಹಳೇ ಅಭ್ಯಾಸವೇ ಅದು: ಮೊದಲ ರೌಂಡ್ ನೋಡೋಣ, ಆಮೇಲೆ ಹೊಡೆಯೋಣ. ಹನ್ನೆರಡು ರೌಂಡ್‌ನವರಿಗೆ ಅದು ಸರಿ. ಮೂರು ರೌಂಡ್‌ನವರಿಗೆ ಅಲ್ಲ.

ಇನ್ನು ಕಾಲು. ವಯಸ್ಸಾದವರಿಗೆ ಮೊದಲು ಹೋಗುವುದು ಹಿಂದಕ್ಕೆ ಜಿಗಿಯುವ ಶಕ್ತಿ. ನೇರ ಹಿಂದೆ ಹೋಗುವುದನ್ನೇ ಬಿಟ್ಟೆ. ಮುಂಗಾಲಿನ ಮೇಲೆ ತಿರುಗುವುದು, ಎರಡು ಇಂಚು ಪಕ್ಕಕ್ಕೆ ಸರಿಯುವುದು, ಅಷ್ಟೇ. ಹುಡುಗ ಓಡಾಡಲಿ, ನಾವು ತಿರುಗೋಣ. ಜ್ಯಾಬ್ ಮುಖಕ್ಕೆ ಕಡಿಮೆ, ಎದೆಗೆ ಜಾಸ್ತಿ. ಎದೆಗೆ ಬಿದ್ದ ಜ್ಯಾಬ್‌ಗೆ ಪಾಯಿಂಟ್ ಕೊಡಲ್ಲ ಅಂತ ಹುಡುಗರು ಅಂದುಕೊಂಡಿರುತ್ತಾರೆ. ಸರಿಯಾಗಿ ಬಿದ್ದರೆ ಕೊಡುತ್ತಾರೆ, ಜತೆಗೆ ಅವನ ಹೆಜ್ಜೆ ಅಲ್ಲೇ ನಿಲ್ಲುತ್ತದೆ. ಹತ್ತಿರ ಬಂದಾಗ ಹಿಡಿಯಬಾರದು, ವಾರ್ನಿಂಗ್ ಬರುತ್ತದೆ. ತಲೆಯನ್ನು ಅವನ ಭುಜಕ್ಕೆ ಇಟ್ಟು ಕೈ ಒಳಗೆ ಇಟ್ಟುಕೊಂಡರೆ ಹಿಡಿದುಕೊಂಡವನು ಅವನೇ ಆಗುತ್ತಾನೆ. ರೆಫರಿ "ಬ್ರೇಕ್" ಅಂದಾಗ ಇಬ್ಬರೂ ಒಂದು ಹೆಜ್ಜೆ ಹಿಂದೆ ಹೋಗಬೇಕು. ಆ ಒಂದು ಹೆಜ್ಜೆಯಲ್ಲಿ ನನ್ನ ಬಲಗಾಲು ಎಲ್ಲಿಗೆ ಹೋಗುತ್ತದೆ ಅನ್ನುವುದೇ ನನ್ನ ಅರ್ಧ ಆಟ. ನಿಯಮದ ಒಳಗೇ ಇದೆ. ವಿಡಿಯೋ ಇದ್ದವರು ನೋಡಿ ಕಂಡುಹಿಡಿಯಲಿ.

ಫೈನಲ್ ನಡೆದದ್ದು ಹೆಚ್ಚುಕಡಿಮೆ ಈ ಲೆಕ್ಕದಂತೆಯೇ. ಹುಡುಗ ಸೌತ್‌ಪಾ, ಅಂದರೆ ಬಲಗೈ ಮುಂದಿಟ್ಟು ಆಡುವವನು, ಎಡಗೈ ಜೋರು. ಬೆಲ್ ಆದ ತಕ್ಷಣ ಅವನು ನೋಡಿಕೊಂಡು ಆಡೋಣ ಅಂತ ಸುತ್ತ ಶುರು ಮಾಡಿದ. ನಾನು ನಡುವೆ ನಿಂತು ಎದೆಗೆ ಎರಡು, ಮತ್ತೆ ಎರಡು. ಮೊದಲ ನಿಮಿಷದಲ್ಲೇ ಅವನು ಬಲಗೈ ಕೆಳಗೆ ತಂದ. ಕಾಯುತ್ತಿದ್ದದ್ದು ಅದಕ್ಕೇ, ಹಿಂದಿನ ಕೈಯ ನೇರ ಏಟು, ಕ್ರಾಸ್ ಹೋಯಿತು. ಕೊನೆಯ ಅರ್ಧ ನಿಮಿಷಕ್ಕೆ ಕಾರ್ನರ್‌ನಿಂದ ಒಂದು ಮಾತು ಬರುವಂತೆ ಮಾಡಿಕೊಂಡಿದ್ದೆವು, ಆ ಮಾತು ಬಂದಾಗ ಬಾಡಿ ಹುಕ್, ಮತ್ತೆ ಬಾಡಿ ಹುಕ್. ಎರಡನೇ ರೌಂಡ್ ಬಿಗಿಯಾಗಿತ್ತು, ಅವನೂ ಎರಡು ಒಳ್ಳೆಯ ಎಡಗೈ ಹೊಡೆದ, ನನ್ನ ತುಟಿ ಒಡೆಯಿತು. ಮೂರನೆಯದು ಅವನದೇ, ಅದರಲ್ಲಿ ಸಂಶಯ ಇಲ್ಲ. ಆದರೆ ಕಾಲು ಹಿಡಿದುಕೊಳ್ಳಲಿಲ್ಲ, ಬಾಯಿ ಒಣಗಲಿಲ್ಲ, ಒಂಬತ್ತು ನಿಮಿಷ ನಿಂತೆ. 4-1. ಹಿಂದಿನ ಪಟ್ಟಕ್ಕಿಂತ ಕಷ್ಟದ ಎದುರಾಳಿ, ಸುಲಭದ ಗೆಲುವು. ಮಾರನೇ ದಿನ ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ ಎರಡೂ ಮಾಡಿಸಿದೆ. ಡಾಕ್ಟರ್ ನೋಡಿ "ಆಡಿದ್ದು ನಿಜವೇನ್ರಿ?" ಅಂತ ಕೇಳಿದರು.

ಎರಡು ವಿಷಯ ಹೇಳಿಬಿಡುತ್ತೇನೆ, ಫೋನ್ ಮಾಡುವವರು ಇದನ್ನೇ ಕೇಳುತ್ತಾರೆ. ಒಂದು, ಇದನ್ನು ಸಬ್ ಜೂನಿಯರ್, ಜೂನಿಯರ್ ಮಕ್ಕಳ ಮೇಲೆ ಮಾಡಬೇಡಿ. ಬೆಳೆಯುವ ಮಕ್ಕಳ ತೂಕ ಇಳಿಸುವುದೇ ಬೇಡ, ಬೆಳೆದಂ‌ತೆ ಮೇಲಿನ ತೂಕಕ್ಕೆ ಕಳಿಸಿ. ನಾರು ನಿಲ್ಲಿಸುವುದನ್ನೂ ವಾರಕ್ಕಿಂತ ಜಾಸ್ತಿ ಎಳೆಯಬೇಡಿ, ಮಲಬದ್ಧತೆ ಆಗಿ ಇನ್ನೂ ಭಾರ ಆಗುತ್ತದೆ. ನಮ್ಮ ತಂಡದ ಒಬ್ಬ ಹತ್ತು ದಿನ ಮಾಡಿ ಹಾಗೆ ಆಯಿತು.

ಎರಡು, "ಮುಂದಿನ ಸಲ ಯಾವ ತೂಕ?" ವರ್ಲ್ಡ್ ಬಾಕ್ಸಿಂಗ್ ಅನ್ನುವ ಹೊಸ ಅಂತರರಾಷ್ಟ್ರೀಯ ಸಂಸ್ಥೆ ಬಂದ ಮೇಲೆ ಗಂಡಸರ ತೂಕ ಮತ್ತೆ ಬದಲಾಗಿದೆ. 51 ಇಲ್ಲ, 50 ಇದೆ, ಅದರ ಮೇಲೆ ನೇರ 55. ಎಲೀಟ್‌ನಲ್ಲಿ (ದೊಡ್ಡವರ ವಿಭಾಗದಲ್ಲಿ) ವಯಸ್ಸಿನ ಮಿತಿ 40, ನನಗೆ ಉಳಿದಿರುವುದು ಸ್ವಲ್ಪ ಕಾಲ. 50ಕ್ಕೆ ಇಳಿಯಲು ಲೆಕ್ಕ ಹಾಕಿ ನೋಡಿದೆ. ಹತ್ತು ವಾರದಲ್ಲಿ 53ರಿಂದ 51ರ ಕೆಳಗೆ ಬರಬೇಕು, ಅದಕ್ಕೆ ಕಾಲಿನ ಮಾಂಸವೇ ಹೋಗಬೇಕು, ಆಗ ಈ ಪದ್ಧತಿಗೆ ಅರ್ಥವೇ ಇಲ್ಲ. ಹಾಗಾಗಿ 55ರ ಹುಡುಗರ ಜತೆ ಒಂದೊಂದು ರೌಂಡ್ ಸ್ಪಾರಿಂಗ್ ಶುರು ಮಾಡಿದ್ದೇನೆ. ನಾನು ಈಗ 53.2, ಮುದ್ದೆ ಸ್ವಲ್ಪ ದೊಡ್ಡದಾಗಿದೆ, ಬಸ್ಕಿಯೂ ವಾಪಸ್ ಬಂದಿದೆ. ಎತ್ತರದ ಹುಡುಗರ ಜ್ಯಾಬ್‌ಗೆ ಉತ್ತರ ಇನ್ನೂ ಪೂರ್ತಿ ಸಿಕ್ಕಿಲ್ಲ. ಎದೆಗೆ ಜ್ಯಾಬ್ ಅವರಿಗೂ ಕೆಲಸ ಮಾಡುತ್ತಿದೆ, ಆದರೆ ಒಳಗೆ ಹೋಗುವ ಆ ಒಂದು ಹೆಜ್ಜೆಗೆ ಇನ್ನೂ ಎರಡು ಏಟು ತಿನ್ನುತ್ತಿದ್ದೇನೆ. ಅದನ್ನು ಒಂದಕ್ಕೆ ಇಳಿಸಿದರೆ 55ರ ಟೂರ್ನಿಗೆ ಹೆಸರು ಕೊಡುತ್ತೇನೆ.